ಬೆಚ್ಚಗಿದ್ದ ಬೋಲ್ಟು

ಆಗುವುದಿಲ್ಲ ಎಂದವರು ಬೇರೆ ಯಾರೂ ಅಲ್ಲ, ನನ್ನ ದೊಡ್ಡಪ್ಪ. ಹಿಂದಿನಿಂದ ಆಡಿಕೊಂಡ ಮಾತೂ ಅಲ್ಲ ಅದು. ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ತಲೆಗೆ ಟವೆಲ್ ಸುತ್ತಿಕೊಂಡು, ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತು, ಸೆಲ್ಫ್ ಹೊಡೆದು ಹೊಡೆದು ಸಾಕಾಗಿ, ಕೆಳಗೆ ನಿಂತಿದ್ದ ನನ್ನ ಮುಖ ನೋಡಿಯೇ ಹೇಳಿದ್ದು:

"ಈ ಮುಂಡೇದು ಚಳೀಲಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗೋದೂ ಒಂದೇ, ನೀನು ಡಿಗ್ರಿ ಮುಗ್ಸೋದೂ ಒಂದೇ ಕಣಮ್ಮಿ. ಎಲ್ಡೂ ಆಗೋ ಮಾತಲ್ಲ."

ನನ್ನ ಕೈಯಲ್ಲಿ ಬೆಂಕಿ ಇತ್ತು. ಕೋಲಿನ ತುದಿಗೆ ಹಳೇ ಬಟ್ಟೆ ಸುತ್ತಿ, ಡೀಸೆಲ್‌ನಲ್ಲಿ ಅದ್ದಿ, ಹೊತ್ತಿಸಿ, ಇಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಹಿಡಿಯುವುದು ನನ್ನ ಪಾಲಿನ ಕೆಲಸ. ಬಿಸಿಗಾಳಿ ಒಳಗೆ ಹೋದರೆ ಹಳೇ ಇಂಜಿನ್ನಿಗೆ ಚಳಿ ಬಿಡುತ್ತದೆ. ದೊಡ್ಡಪ್ಪ ಮೇಲೆ ಕೂತು ಕ್ಲಚ್ ತುಳಿದು ಸೆಲ್ಫ್ ಹೊಡೆಯಬೇಕು, ನಾನು ಕೆಳಗೆ ಬೆಂಕಿ ಹಿಡಿಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ನನಗೆ ಬಂದ ತೊಂದರೆಯೆಲ್ಲ ಈ ಒಂದು ಮಾತಿನೊಳಗೇ ಇದೆ.

ನಮ್ಮೂರು ಚಿಕ್ಕರಸಿನಕೆರೆಯಿಂದ ಒಂದಷ್ಟು ದೂರ ಒಳಗೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಅವತ್ತಿನಿಂದ ಅವ್ವ ಮತ್ತು ನಾನು ದೊಡ್ಡಪ್ಪನ ಮನೆಯಲ್ಲೇ ಇದ್ದೇವೆ. ದೊಡ್ಡಮ್ಮ ಅದಕ್ಕೂ ಮೊದಲೇ ಹೋಗಿದ್ದರು. ದೊಡ್ಡಪ್ಪನ ಒಬ್ಬಳೇ ಮಗಳನ್ನು ಮಳವಳ್ಳಿ ಕಡೆಗೆ ಕೊಟ್ಟಿದೆ. ಉಳಿದವರು ನಾವು ಮೂರು ಜನ, ಎರಡು ಹಸು, ಮತ್ತು ನನಗಿಂತ ವಯಸ್ಸಾದ ಆ ಟ್ರ್ಯಾಕ್ಟರು. ಅವ್ವ ಬೆಳಿಗ್ಗೆ ಆರಕ್ಕೆಲ್ಲ ಡೈರಿಗೆ ಹಾಲು ಹಾಕಬೇಕು. ಹಾಗಾಗಿ ಬೆಂಕಿ ಹಿಡಿಯುವ ಕೆಲಸ ನನಗೇ ಬಂತು.

ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವರು ಇರಲಿಲ್ಲ. ಅವ್ವ ಏಳನೇ ಕ್ಲಾಸು. ದೊಡ್ಡಪ್ಪ ನಾಲ್ಕಕ್ಕೇ ಬಿಟ್ಟವರು, ಸಹಿ ಹಾಕುತ್ತಾರೆ, ಬಸ್ಸಿನ ಬೋರ್ಡು ಓದುತ್ತಾರೆ. ನಾನು ಪಿಯುಸಿ ಪಾಸಾಗಿ, ಮಂಡ್ಯದಲ್ಲಿ ಬಿ.ಎಸ್ಸಿ. ಸೇರುತ್ತೇನೆ ಎಂದಾಗ ಅವರು ಬೇಡ ಎನ್ನಲಿಲ್ಲ. "ಓಗು, ಎಷ್ಟ್ ದಿನ ಓಯ್ತೀಯೋ ನೋಡುವಾ" ಎಂದರು. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಹೀಗೆ ಅಂದವರ ಹತ್ತಿರ ಏನು ಜಗಳವಾಡುವುದು?

ಆ ಟ್ರ್ಯಾಕ್ಟರಿನ ಬಗ್ಗೆ ಹೇಳಬೇಕು. ಶಿವನಸಮುದ್ರದ ಕಡೆಯವರೊಬ್ಬರಿಂದ ದೊಡ್ಡಪ್ಪ ಅದನ್ನು ಕೊಂಡು, ತಾವೇ ಓಡಿಸಿಕೊಂಡು ಬಂದರಂತೆ. ಬರುವಾಗ ಬಣ್ಣ ಎಲ್ಲ ಹೋಗಿ ತುಕ್ಕು ಬಿದ್ದಿತ್ತಂತೆ. ಊರವರು, "ಗುಜರೀಗ್ ಆಕೋದ್ ತಂದವ್ನೆ" ಎಂದು ನಕ್ಕರಂತೆ. ಆ ನಗು ದೊಡ್ಡಪ್ಪನಿಗೆ ಎಲ್ಲಿ ನಾಟಿತೋ, ಅವತ್ತಿನಿಂದ ಪ್ರತಿ ವರ್ಷ ಆಯುಧಪೂಜೆಗೆ ನಾಲ್ಕು ದಿನ ಮುಂಚೆ ಗಾಡಿ ತೊಳೆದು, ಒಣಗಿಸಿ, ಕೆಂಪು ಬಣ್ಣ ಹೊಡೆಯುತ್ತಾರೆ. ಪೇಂಟರನ್ನು ಕರೆಯುವುದಿಲ್ಲ. ತಾವೇ ಬ್ರಷ್ ಹಿಡಿಯುತ್ತಾರೆ. ಆ ಕೆಲಸದಲ್ಲಿ ಅವರ ಶ್ರದ್ಧೆ ಎಂಥದ್ದೆಂದರೆ, ಮಡ್‌ಗಾರ್ಡು ಬಿಚ್ಚಿ ಒಳಗೆಲ್ಲ ಬಳಿಯುತ್ತಾರೆ. ಅಡ್ಡ ಬಂದ ವೈರುಗಳನ್ನೂ ಬಿಚ್ಚಿ ಪಕ್ಕಕ್ಕಿಡುತ್ತಾರೆ. "ವೈರ್ ಮೇಲೆ ಬಳುದ್ರೆ ಒಳೀಕೆ ಬಣ್ಣ ಕೂರಾಕಿಲ್ಲ" ಎನ್ನುತ್ತಾರೆ. ಬಣ್ಣ ಒಣಗಿದ ಮೇಲೆ ವೈರು ಮತ್ತೆ ಕಟ್ಟಿ, ಬೋಲ್ಟು ಬಿಗಿದು, ಬೋಲ್ಟಿನ ತಲೆಗೂ ಒಂದು ಕೈ ಬಣ್ಣ. ಹಬ್ಬದ ದಿನ ಅದರ ಮೇಲೆ ಅರಿಶಿನ, ಕುಂಕುಮ, ವಿಭೂತಿ. ತೆಂಗಿನಕಾಯಿ ಒಡೆದ ನೀರು ಬಾನೆಟ್ಟಿನ ಮೇಲಿಂದ ಇಳಿದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಹೀಗೆ ಹತ್ತು ಹನ್ನೆರಡು ಹಬ್ಬ ಆಗಿತ್ತು. ನಮ್ಮೂರಲ್ಲಿ ಹೊಸ ಟ್ರ್ಯಾಕ್ಟರು ಬೇಕಾದಷ್ಟಿವೆ, ದೊಡ್ಡಪ್ಪನದರಷ್ಟು ಕೆಂಪಗೆ ಹೊಳೆಯುವುದು ಒಂದೂ ಇಲ್ಲ.

ಹೊಳೆಯುತ್ತಿತ್ತು, ಸರಿ. ಸ್ಟಾರ್ಟ್ ಆಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಏನೂ ತಕರಾರಿಲ್ಲ. ಮಳೆಗಾಲದಲ್ಲಿ ಎರಡು ಮೂರು ಸಲ ಸೆಲ್ಫ್ ಕೇಳುತ್ತಿತ್ತು. ದೀಪಾವಳಿ ಕಳೆದು, ಗದ್ದೆಯ ಮೇಲೆ ಮಂಜು ಕೂರಲು ಶುರುವಾಯಿತೆಂದರೆ ಮುಗಿಯಿತು. ಕುಯ್ಯೋ ಎಂದು ಅರ್ಧ ತಿರುಗಿ, ಟಕ್ ಎಂದು ನಿಂತುಬಿಡುತ್ತಿತ್ತು. ಅದೇ ತಿಂಗಳುಗಳಲ್ಲೇ ಅದಕ್ಕೆ ಕೆಲಸ ಜಾಸ್ತಿ. ಸಂಜೆ ಹೊತ್ತಿಗೆ ಟ್ರೇಲರಿಗೆ ಕಬ್ಬು ತುಂಬಿ ಮನೆ ಮುಂದೆ ನಿಲ್ಲಿಸಿರುತ್ತಿದ್ದರು. ಬೆಳಕು ಹರಿಯುವ ಮುಂಚೆ ಅದು ಆಲೆಮನೆಯಲ್ಲಿರಬೇಕು. ಅಲ್ಲಿ ಗಾಣ ಶುರು ಮಾಡುವುದೇ ನಮ್ಮ ಕಬ್ಬಿನಿಂದ. ಹೊತ್ತಾದರೆ ಒಲೆಯ ಮುಂದಿನವನು, ಗಾಣದವನು, ಕೊಪ್ಪರಿಗೆಯವನು ಎಲ್ಲರೂ ಸುಮ್ಮನೆ ಕೂರಬೇಕು. ಆರು ಗಂಟೆಗೆ ದೊಡ್ಡಪ್ಪನ ಫೋನು ಕಿರುಚಲು ಶುರುಮಾಡುತ್ತಿತ್ತು.

"ಏನ್ ಯಜಮಾನ್ರೆ, ಇವತ್ತೂ ಮದುಮಗಳು ಎದ್ದಿಲ್ವಾ?"

"ಎದ್ದವ್ಳೆ, ಮೊಕ ತೊಳೀತಾವ್ಳೆ. ಬತ್ತೀವಿ, ಮಡ್ಗು ಫೋನಾ."

ಇಳಿಜಾರಿನಲ್ಲಿ ನಿಲ್ಲಿಸಿ ಉರುಳಿಸಿದರೆ ಆಗದೇ ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ಮುಂಚೆ ನಾಲೆ ಏರಿಯ ಮೇಲೆ ನಿಲ್ಲಿಸಿ ಹಾಗೇ ಮಾಡುತ್ತಿದ್ದರಂತೆ. ಆದರೆ ಕಬ್ಬು ತುಂಬಿದ ಟ್ರೇಲರನ್ನು ನೀರಿನ ಪಕ್ಕದ ಇಳಿಜಾರಿನಲ್ಲಿ, ಕತ್ತಲು ಹರಿಯುವ ಮುಂಚೆ ಉರುಳಲು ಬಿಡುವ ಧೈರ್ಯ ದೊಡ್ಡಪ್ಪನಿಗೂ ಇರಲಿಲ್ಲ.

ನನ್ನ ಬಸ್ಸು ಏಳು ಗಂಟೆಗೆ. ಅದು ತಪ್ಪಿದರೆ ಇನ್ನೊಂದು ಒಂಬತ್ತಕ್ಕೆ. ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದ ಮೇಲೆ ಏಳರ ಬಸ್ಸಿನಲ್ಲಿ ಫುಟ್‌ಬೋರ್ಡಿಗೂ ಜಾಗ ಸಿಗುತ್ತಿರಲಿಲ್ಲ, ಆದರೂ ಒಂಟಿಕಾಲಲ್ಲಿ ನಿಂತಾದರೂ ಹೋಗಬಹುದಿತ್ತು. ಒಂಬತ್ತರ ಬಸ್ಸಿಗೆ ಹೋದರೆ ಮದ್ದೂರಲ್ಲಿ ಬದಲಾಯಿಸಿ ಮಂಡ್ಯ ಮುಟ್ಟುವ ಹೊತ್ತಿಗೆ ಫಿಸಿಕ್ಸ್ ಲ್ಯಾಬು ಮುಗಿದು ಬೀಗ ಬಿದ್ದಿರುತ್ತಿತ್ತು. ಲ್ಯಾಬು ವಾರಕ್ಕೆ ಎರಡು ಸಲ, ಎರಡೂ ಬೆಳಗಿನ ಮೊದಲ ಗಂಟೆಗೇ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದವರಿಗೆ ಹಾಲ್ ಟಿಕೆಟ್ ಇಲ್ಲ. ಇದು ಕಾಲೇಜಿನ ನಿಯಮ. ಗಾಡಿ ಸ್ಟಾರ್ಟ್ ಆಗದೆ ನೀನು ಹೋಗುವಂತಿಲ್ಲ, ಇದು ಮನೆಯ ನಿಯಮ. ಎರಡರ ನಡುವೆ ನಾನು ಬೆಂಕಿ ಹಿಡಿದುಕೊಂಡು ನಿಂತಿದ್ದೆ.

ಮೊದಲ ವರ್ಷ ಚಳಿಗಾಲ ಪೂರ್ತಿ ನಾವು ಏನೇನು ಮಾಡಿದೆವು ಎಂದು ನೆನೆದರೆ ಈಗಲೂ ಮೈ ನೋಯುತ್ತದೆ. ಸಂಜೆಯೇ ಇಂಜಿನ್ನಿಗೆ ಕಂಬಳಿ ಹೊದಿಸುತ್ತಿದ್ದೆವು. ಬೆಳಿಗ್ಗೆ ರೇಡಿಯೇಟರಿನ ನೀರು ಇಳಿಸಿ ಬಿಸಿನೀರು ಹಾಕುತ್ತಿದ್ದೆವು. ಹಂಡೆಯಲ್ಲಿ ಮೊದಲು ಕಾಯುತ್ತಿದ್ದದ್ದು ಟ್ರ್ಯಾಕ್ಟರಿನ ನೀರು, ಆಮೇಲೆ ನನ್ನ ಸ್ನಾನದ್ದು, ಸೌದೆ ಉಳಿದರೆ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ ಎಂದು ಸ್ಕ್ರೂ ಸಡಿಲಿಸಿ, ನೊರೆ ಹೋಗಿ ಬರೀ ಡೀಸೆಲ್ ಬರುವ ತನಕ ಪಂಪ್ ಒತ್ತಿ ಒತ್ತಿ ನನ್ನ ಹೆಬ್ಬೆರಳು ಬಾತುಕೊಂಡಿತ್ತು. ಬಸರಾಳಿನ ನೆಂಟರೊಬ್ಬರು, ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿ ಎಂದರು. ಅದೂ ಆಯಿತು. ಹೊಗೆ ಬೇರೆ ಬಣ್ಣದಲ್ಲಿ ಬಂತು ಅಷ್ಟೆ. ಆಮೇಲೆ ನಾನು ಹಾಗೇ ಕೈ ತೊಳೆದುಕೊಂಡು ಬಸ್ಸಿಗೆ ಓಡುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರು ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಕ್ಲಾಸಿನಲ್ಲಿ ಒಬ್ಬಳು, "ನಿಮ್ಮನೇಲಿ ಪೆಟ್ರೋಲ್ ಬಂಕ್ ಇದ್ಯಾ?" ಎಂದು ಕೇಳಿದ್ದಳು. ಇದೆ ಎಂದೆ. ನಂಬಿದಳೋ ಏನೋ, ಒಂದು ತಿಂಗಳು ಬಹಳ ಚೆನ್ನಾಗಿ ಮಾತಾಡಿಸಿದಳು.

ಮೆಕ್ಯಾನಿಕ್ಕನ್ನು ಕರೆಸಲಿಲ್ಲವೇ? ಕರೆಸಿದೆವು. ಮದ್ದೂರಿನಿಂದ ಬೈಕಿನಲ್ಲಿ ಬರುತ್ತಿದ್ದ. ಬರುವ ಹೊತ್ತಿಗೆ ಹನ್ನೊಂದು ಗಂಟೆ. ಬಿಸಿಲು ಏರಿ, ಬಾನೆಟ್ಟು ಮುಟ್ಟಿದರೆ ಹದವಾಗಿ ಬೆಚ್ಚಗಿರುತ್ತಿತ್ತು. ಅವನು ಹತ್ತಿ ಕೂತು ಬೆರಳಿಟ್ಟರೆ ಸಾಕು, ಗಾಡಿ ಗುಡುಗುತ್ತಿತ್ತು.

"ಗಾಡಿ ಸರ್ಯಾಗೈತಲ್ಲಣ್ಣೋ. ಮನೆಯೋರ್ಗೇ ಸೋಮಾರಿತನ."

"ಲೇ, ಬೆಳುಗ್ಗೆ ಆರ್ ಗಂಟೆಗ್ ಬಂದ್ ನೋಡ್ಲಾ."

"ಆರ್ ಗಂಟೇಲಿ ನನ್ ಬೈಕೇ ಸ್ಟಾರ್ಟ್ ಆಗಾಕಿಲ್ಲ, ಎಂಗಣ್ಣೋ ಬರ್ಲಿ?"

ಆದರೂ ಬಂದ ತಪ್ಪಿಗೆ ಏನಾದರೂ ಬದಲಾಯಿಸಿ ಹೋಗುತ್ತಿದ್ದ. ಒಂದು ಸಲ ಬ್ಯಾಟರಿ. ಒಂದು ಸಲ ಸೆಲ್ಫ್ ಮೋಟರು ಬಿಚ್ಚಿ ಒಳಗಿನ ಬ್ರಷ್ಷು. ಎರಡು ದಿನ ಚೆನ್ನಾಗಿದ್ದಂತೆ ಅನಿಸುತ್ತಿತ್ತು. ಮೂರನೇ ದಿನ ಮಂಜು ಬೀಳುತ್ತಿತ್ತು, ಮತ್ತೆ ಕುಯ್ಯೋ, ಟಕ್.

ಎರಡನೇ ವರ್ಷ ಇದರ ಪೆಟ್ಟು ನನಗೆ ಬಿತ್ತು. ನೋಟಿಸ್ ಬೋರ್ಡಿನಲ್ಲಿ ಹಾಜರಿ ಕಡಿಮೆಯಾದವರ ಪಟ್ಟಿ ಅಂಟಿಸಿದ್ದರು. ಅದರಲ್ಲಿ ನನ್ನ ನಂಬರಿತ್ತು, ಫಿಸಿಕ್ಸ್ ಮುಂದೆ. ಉಳಿದ ಪೇಪರು ಬರೆದೆ, ಅದೊಂದನ್ನು ಬರೆಯಲು ಬಿಡಲಿಲ್ಲ. ಮನೆಗೆ ಬಂದು ಹೇಳಿದಾಗ ದೊಡ್ಡಪ್ಪ ಊಟ ಮಾಡುತ್ತಿದ್ದರು. ತುತ್ತು ನುಂಗಿ, "ಬುಡು, ಮುಂದಿನ್ ಸಲ ಬರ್ಯುವಂತೆ" ಎಂದರು. ಅವರಿಗೆ ಅದು ಒಂದು ಬಸ್ಸು ತಪ್ಪಿದ ಹಾಗೆ. ಅವ್ವ ಮಾತ್ರ ಆವತ್ತು ಮುದ್ದೆ ಮುರಿಯದೆ ತಟ್ಟೆ ಪಕ್ಕಕ್ಕಿಟ್ಟಳು.

ಆ ರಾತ್ರಿ ಅಳು ಬರಲಿಲ್ಲ ನನಗೆ. ನಿದ್ದೆ ಬಂತು. ಆ ಎರಡು ವರ್ಷ ನನಗೆ ನೆನಪಿರುವುದು ನಿದ್ದೆಯೇ. ಬಸ್ಸಿನಲ್ಲಿ ನಿಂತುಕೊಂಡೇ ಕಣ್ಣು ಮುಚ್ಚುತ್ತಿತ್ತು. ಕ್ಲಾಸಿನಲ್ಲಿ ಬೋರ್ಡಿನ ಅಕ್ಷರ ತೇಲುತ್ತಿತ್ತು.

ಮೂರನೇ ವರ್ಷ ಡಿಸೆಂಬರ್ ನಡುವೆ ಫಿಸಿಕ್ಸ್ ಮೇಡಂ ನನ್ನನ್ನು ಕರೆದು ಹಾಜರಿ ಪುಸ್ತಕ ತೋರಿಸಿದರು. ಕಟ್ಟುನಿಟ್ಟಿನವರು, ಆದರೆ ಕೆಟ್ಟವರಲ್ಲ.

"ನೋಡಮ್ಮ, ಹಿಂದಿನ ಪೇಪರು ಬೇರೆ ಬಾಕಿ ಇದೆ ನಿಂದು. ಇನ್ನು ಒಂದು ಲ್ಯಾಬ್ ತಪ್ಪಿದರೂ ಲೆಕ್ಕ ಕೆಳಗೆ ಹೋಗುತ್ತೆ. ಆಮೇಲೆ ನನ್ನ ಹತ್ರ ಬಂದು ಅತ್ತರೆ ನಾನೇನೂ ಮಾಡೋಕಾಗಲ್ಲ."

"ತಪ್ಪಿಸಲ್ಲ ಮೇಡಂ."

"ಹೋದ ವರ್ಷವೂ ಇದೇ ಹೇಳಿದ್ದೆ ನೀನು. ಏನಮ್ಮ ಕಷ್ಟ ನಿನಗೆ?"

"ಟ್ರ್ಯಾಕ್ಟರ್ ಸ್ಟಾರ್ಟ್ ಆಗಲ್ಲ ಮೇಡಂ."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಹುಡುಗಿಯರು ಹೇಳುವ ನೆಪಗಳಲ್ಲಿ ಇದು ಅವರಿಗೆ ಹೊಸದು. "ಹೋಗು, ಸರ್ಕ್ಯೂಟ್ ಕನೆಕ್ಟ್ ಮಾಡು" ಎಂದರು.

ಅವತ್ತಿನ ಪ್ರಯೋಗ ಬಹಳ ಸುಲಭದ್ದು. ಬ್ಯಾಟರಿ, ತಂತಿ, ಮೀಟರು. ಎಲ್ಲ ಜೋಡಿಸಿದೆ. ಮುಳ್ಳು ಅಲುಗಲಿಲ್ಲ. ಮತ್ತೆ ಬಿಚ್ಚಿ ಜೋಡಿಸಿದೆ. ಮುಳ್ಳು ಒಂಚೂರು ನಡುಗಿ ಮಲಗಿತು. ಮೇಡಂ ಬಂದು ಹಿಂದೆ ನಿಂತರು.

"ತಂತಿ ತುದಿ ಉಜ್ಜಿದೆಯಾ?"

"ಉಜ್ಜಿದೀನಿ ಮೇಡಂ."

"ಸುಳ್ಳು. ನೋಡು, ಮೇಲಿನ ಲೇಪ ಹಾಗೇ ಇದೆ. ಲೇಪದ ಮೇಲೆ ಎಷ್ಟು ಬಿಗಿದರೇನು? ಹೊರಗೆ ನೋಡಲು ಸೇರಿದ ಹಾಗಿರುತ್ತೆ, ಒಳಗೆ ಸೇರಿರಲ್ಲ. ಹೀಗೆ ಅರ್ಧಂಬರ್ಧ ಸೇರಿದ ಕಡೆ ಜಾಸ್ತಿ ಕರೆಂಟು ಎಳೆದರೆ ಅಲ್ಲೇ ಬಿಸಿಯಾಗೋದು. ಮನೇಲಿ ಪ್ಲಗ್ ಸಡಿಲ ಇದ್ರೆ ಬಿಸಿ ಆಗಲ್ವಾ, ಹಾಗೆ."

ಉಪ್ಪುಕಾಗದದಿಂದ ಅವರೇ ನಾಲ್ಕು ಸಲ ಉಜ್ಜಿದರು. ತಾಮ್ರ ಹೊಳೆಯಿತು. ಜೋಡಿಸಿದರೆ ಮುಳ್ಳು ಎದ್ದು ನಿಂತಿತು.

ಇದನ್ನು ಬರೆಯುವಾಗ, ಆ ಕ್ಷಣವೇ ನನಗೆ ಎಲ್ಲ ಹೊಳೆದುಬಿಟ್ಟಿತು ಎಂದು ಬರೆಯಬಹುದು. ಹೊಳೆಯಲಿಲ್ಲ. ಬೈಸಿಕೊಂಡದ್ದಕ್ಕೆ ಅವಮಾನವಾಗಿತ್ತು, ಹಸಿವಾಗಿತ್ತು. ಬಸ್ಸಿನಲ್ಲಿ ಮದ್ದೂರಿನ ತನಕ ನಿದ್ದೆ ಮಾಡಿದೆ.

ಅದಾದ ಮೂರು ದಿನಕ್ಕೆ ಮತ್ತೆ ಲ್ಯಾಬಿತ್ತು. ಬೆಳಿಗ್ಗೆ ಐದೂವರೆಗೆ ಹೊರಗೆ ಬಂದರೆ ಎದುರಿನ ಮನೆ ಕಾಣದಷ್ಟು ಮಂಜು. ಎಲ್ಲಿಂದಲೋ ಧನುರ್ಮಾಸದ ಪೂಜೆಯ ಗಂಟೆ ಕೇಳುತ್ತಿತ್ತು. ಕಂಬಳಿ ತೆಗೆದೆವು, ಬಿಸಿನೀರು ಹಾಕಿದೆವು, ಗಾಳಿ ತೆಗೆದೆವು. ಬೆಂಕಿ ಹಿಡಿದೆ. ಕುಯ್ಯೋ, ಟಕ್. ಎರಡು ಬಟ್ಟೆ ಉರಿದು ಮುಗಿಯಿತು. ಫೋನು ಬಂತು, ದೊಡ್ಡಪ್ಪ ಎತ್ತಲಿಲ್ಲ. ಆರೂವರೆ ಆಯಿತು. ಅವ್ವ ಡೈರಿಯಿಂದ ಖಾಲಿ ಕ್ಯಾನು ಹಿಡಿದು ಬಂದವಳು ನಮ್ಮನ್ನು ನೋಡಿ, ಒಳಗೆ ಹೋಗಿ ಮತ್ತೆ ನೀರಿಗೆ ಉರಿ ಹಾಕಿದಳು.

ನನ್ನ ಬೆರಳು ಮರಗಟ್ಟಿ ಬೆಂಕಿಕೋಲು ಹಿಡಿಯಲು ಆಗುತ್ತಿರಲಿಲ್ಲ. ಮೂರನೇ ಬಟ್ಟೆ ಸುತ್ತುವ ಮುಂಚೆ, ಬೀಳದ ಹಾಗೆ ಆಸರೆಗೆ ಸೀಟಿನ ಕೆಳಗೆ ಕೈ ಹಾಕಿದೆ. ಕಬ್ಬಿಣ ಮಂಜುಗಡ್ಡೆಯ ಹಾಗಿತ್ತು. ಕೈ ಸರಿಸಿದೆ. ಅಲ್ಲಿ ಒಂದು ಕಡೆ, ಬರೀ ಒಂದು ಕಡೆ, ಬೆಚ್ಚಗಿತ್ತು.

ಮೊದಲು ನನಗೆ ಸುಖವೆನಿಸಿತು ಅಷ್ಟೆ. ಒಲೆ ಮುಂದೆ ಕೈ ಒಡ್ಡಿದ ಹಾಗೆ ಅಲ್ಲೇ ಬೆರಳಿಟ್ಟುಕೊಂಡೆ. ಆಮೇಲೆ ಬಗ್ಗಿ ನೋಡಿದೆ. ಬ್ಯಾಟರಿಯಿಂದ ಬಂದ ದಪ್ಪ ವೈರೊಂದು ಗಾಡಿಯ ಮೈಗೆ ಕಚ್ಚಿಕೊಳ್ಳುವ ಜಾಗ ಅದು. ಅರ್ತ್ ವೈರು ಎನ್ನುತ್ತಾರೆ. ಬ್ಯಾಟರಿಯಿಂದ ಹೊರಟ ಕರೆಂಟು ಸೆಲ್ಫ್ ಮೋಟರು ಸುತ್ತಿ ವಾಪಸು ಬರುವ ದಾರಿ. ಬೋಲ್ಟು, ವೈರಿನ ತುದಿ, ಅಡಿಯ ಕಬ್ಬಿಣ ಎಲ್ಲ ಒಂದೇ ಕೆಂಪು. ಮೇಲೆ ಅರಿಶಿನ ಕುಂಕುಮದ ಕಲೆ.

"ದೊಡ್ಡಪ್ಪ, ಇಳ್ದ್ ಬಂದು ಇಲ್ಲಿ ಮುಟ್ನೋಡು."

"ಏನಮ್ಮಿ ಅದು? ಬಟ್ಟೆ ಸುತ್ತು ಮೊದ್ಲು."

"ಬೆಚ್ಚಗೈತೆ."

"ಇಂಜಿನ್ನು ತಿರುಗ್ತಲ್ಲ, ಬೆಚ್ಚಗಿರ್ತದೆ."

"ಇಂಜಿನ್ನು ತಣ್ಣಗೈತೆ. ಇಡೀ ಗಾಡೀಲಿ ಇದೊಂದೇ ಬೆಚ್ಚಗಿರೋದು."

ಇಳಿದು ಬಂದರು. ಮುಟ್ಟಿದರು. ಕೈ ತೆಗೆದು ಬಾನೆಟ್ಟು ಮುಟ್ಟಿದರು. ಮತ್ತೆ ಇದನ್ನು ಮುಟ್ಟಿದರು. ನಾನು ಹೇಳಿದೆ: ವೈರಿಗೂ ಕಬ್ಬಿಣಕ್ಕೂ ನಡುವೆ ಬಣ್ಣ ಇದೆ, ಕರೆಂಟು ದಾಟುತ್ತಿಲ್ಲ, ಬೋಲ್ಟಿನ ಮರೆಯಲ್ಲಿ ಒಂದಿಷ್ಟು ನುಸುಳುತ್ತಿದೆ. ಬಿಸಿಲಲ್ಲಿ ಇಂಜಿನ್ನು ಹಗುರ, ಅಷ್ಟು ಸಾಕಾಗುತ್ತದೆ. ಚಳಿಯಲ್ಲಿ ಆಯಿಲ್ಲು ಗಟ್ಟಿಯಾಗಿ ಇಂಜಿನ್ನು ಭಾರ, ಸಾಕಾಗುವುದಿಲ್ಲ. ಇದನ್ನು ಬಿಚ್ಚಿ ಕೆರೆಯಬೇಕು.

ಕೆರೆಯಬೇಕು ಎಂದದ್ದೇ ತಪ್ಪಾಯಿತು.

"ಆಯ್ದಪೂಜೆಗೆ ನಾನ್ ಒಡ್ದಿರೋ ಬಣ್ಣ ಅದು. ಪೂಜೆ ಮಾಡಿ ಕುಂಕುಮ ಇಕ್ಕಿರೋ ಜಾಗ. ಬೆಳುಗ್ಗೆ ಬೆಳುಗ್ಗೆ ಕಬ್ಣ ಇಡ್ಕೊಂಡ್ ಕೆರೀತೀಯಾ? ಮದ್ದೂರೋನೇ ಮುಟ್ಲಿಲ್ಲ, ನೀನ್ಯಾವ್ ಮೆಕ್ಯಾನಿಕ್ಕು?"

"ಅವ್ನು ಬಿಸ್ಲಲ್ ಬತ್ತಾನೆ ದೊಡ್ಡಪ್ಪ. ಇದು ಚಳೀಲಿ ನಿಂತೋರ್ಗ್ ಗೊತ್ತಾಗೋದು."

"ಓಹೋಹೋ! ಎಲ್ಡ್ ಪುಸ್ತಕ ಓದ್ಬುಟ್ಳು."

"ಇವತ್ತು ಲ್ಯಾಬ್ ತಪ್ಪಿದ್ರೆ ನಂದು ಮುಗೀತು. ಹಾಲ್ ಟಿಕೆಟ್ ಕೊಡಾಕಿಲ್ಲ. ನೀನೇ ಗೆದ್ದೆ ಅಂತ ಇಟ್ಕೊ."

ನನ್ನ ದನಿ ಯಾಕೋ ಏರಲಿಲ್ಲ. ಅಷ್ಟು ಶಕ್ತಿ ಇರಲಿಲ್ಲ. ಅವ್ವ ಬಿಸಿನೀರಿನ ಕೊಳದಪ್ಪಲೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಅದನ್ನು ಕೆಳಗಿಟ್ಟು ಒಳಗೆ ಹೋದಳು. ಹಸುವಿಗೆ ಹುಲ್ಲು ಕುಯ್ಯುವ ಕುಡ್ಲು ತಂದು ನನ್ನ ಕೈಗೆ ಕೊಟ್ಟಳು. ಭಾವನ ಮುಂದೆ ತಲೆ ಎತ್ತಿ ಮಾತಾಡದ ಹೆಂಗಸು ಅವಳು. ಆವತ್ತೂ ತಲೆ ಎತ್ತಲಿಲ್ಲ, ಆದರೆ ಮಾತಾಡಿದಳು.

"ಕೆರಿ ಮಗ. ಬಣ್ಣ ಆದ್ರೆ ಮತ್ತೆ ಒಡೀಬೌದು."

ದೊಡ್ಡಪ್ಪ ಆ ಕಡೆ ತಿರುಗಿದರು. ಆಮೇಲೆ ಟೂಲ್ ಬಾಕ್ಸಿನಿಂದ ಸ್ಪ್ಯಾನರ್ ತೆಗೆದು, ನನ್ನ ಕಡೆ ನೋಡದೆಯೇ ಕೈ ಹಿಂದೆ ಚಾಚಿದರು.

ಮೊದಲು ಬ್ಯಾಟರಿಯ ತುದಿ ಬಿಚ್ಚಿದೆ. ಆಮೇಲೆ ಆ ಬೋಲ್ಟು. ಬಣ್ಣ ಕಚ್ಚಿಕೊಂಡು ಸುಲಭಕ್ಕೆ ಬರಲಿಲ್ಲ, ಕಾಲು ಕೊಟ್ಟು ಒತ್ತಿದ ಮೇಲೆ ಕಿರ್ರೆಂದು ಸಡಿಲಾಯಿತು. ವೈರಿನ ಅಡಿ ನೋಡಿದರೆ, ಹೊರಗೆ ಹೇಗೋ ಒಳಗೂ ಹಾಗೇ ಹೊಳೆಯುವ ಕೆಂಪು. ಕುಡ್ಲಿನ ತುದಿಯಿಂದ ಕೆರೆದೆ. ಒಂದು ಕೆಂಪಿನ ಕೆಳಗೆ ಇನ್ನೊಂದು ಕೆಂಪು, ನಡುನಡುವೆ ಅರಿಶಿನದ ಹಳದಿ ಗೆರೆ. ಕೂತು ಎಣಿಸಿದ್ದರೆ ಮನೆಯಲ್ಲಿ ಆದ ಹಬ್ಬಗಳನ್ನೆಲ್ಲ ಎಣಿಸಬಹುದಿತ್ತು. ಅಪ್ಪ ಇದ್ದಾಗಿನದೂ ಅದರಲ್ಲಿ ಒಂದೋ ಎರಡೋ ಇದ್ದಿರಬೇಕು. ಕೊನೆಗೆ ಬೂದು ಕಬ್ಬಿಣ ಕಂಡಿತು. ಅದು ಬೆಳ್ಳಗಾಗುವ ತನಕ ಕೆರೆದೆ. ವೈರಿನ ತುದಿಯನ್ನೂ ಕೆರೆದೆ. ಬೋಲ್ಟು, ಬ್ಯಾಟರಿಯ ತುದಿ ಎರಡನ್ನೂ ಮತ್ತೆ ಕಟ್ಟಿ ಬಿಗಿದೆ.

ದೊಡ್ಡಪ್ಪ ಹತ್ತಿ ಕೂತರು. ನಾನು ಬೆಂಕಿಕೋಲು ಹುಡುಕುತ್ತಿದ್ದೆ. ಅದು ಸಿಗುವ ಮೊದಲೇ, ಹಸುಗಳು ಬೆದರಿ ಹಗ್ಗ ಜಗ್ಗುವ ಹಾಗೆ, ಗಾಡಿ ಒಮ್ಮೆಗೇ ಗುಡುಗಿತು. ಒಂದೇ ಸೆಲ್ಫ್. ದೊಡ್ಡಪ್ಪ ಬೆರಳು ತೆಗೆಯುವುದನ್ನೇ ಮರೆತಿದ್ದರು. ಗಾಡಿ ನಡುಗುತ್ತಿತ್ತು, ಅದರ ಮೇಲೆ ಅವರೂ ನಡುಗುತ್ತಿದ್ದರು.

ನನಗೆ ಖುಷಿಯಾಗಬೇಕಿತ್ತು. ಅಷ್ಟರಲ್ಲಿ ಊರ ಬಾಗಿಲಿನ ಕಡೆಯಿಂದ ಏಳರ ಬಸ್ಸಿನ ಹಾರನ್ನು ಕೇಳಿಸಿತು. ಆಮೇಲೆ ಗೇರು ಬದಲಾಯಿಸಿದ ಸದ್ದು. ಆಮೇಲೆ ಏನೂ ಇಲ್ಲ. ನಾನು ಕುಡ್ಲು ಹಿಡಿದುಕೊಂಡೇ ಜಗಲಿಯ ಮೇಲೆ ಕೂತುಬಿಟ್ಟೆ. ಮೂರು ಚಳಿಗಾಲ ಹುಡುಕಿದ್ದು ಸಿಕ್ಕಿತ್ತು, ಬಸ್ಸು ಹೋಗಿತ್ತು. ನಗು ಬರುವ ಹಾಗಿತ್ತು.

ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ದೊಡ್ಡಪ್ಪ ಎತ್ತಿದರು. ಇಂಜಿನ್ ಸದ್ದಿನ ಮೇಲೆ ಕಿರುಚಿದರು.

"ಆ, ಸ್ಟಾರ್ಟಾಗೈತೆ. ಆದ್ರೆ ಬರಾಕ್ ಒತ್ತಾಯ್ತದೆ... ಯಾಕೆ ಅಂದ್ರೆ? ಮಗೀಗೆ ಕಾಲೇಜೈತೆ ಕಣಯ್ಯಾ! ಕಾಯ್ರಿ, ಬೆಲ್ಲ ಎಲ್ಲೂ ಓಡೋಗಾಕಿಲ್ಲ."

ಫೋನು ಜೇಬಿಗೆ ಹಾಕಿ ಇಳಿದರು. ಹಿಂದೆ ಹೋಗಿ ಟ್ರೇಲರಿನ ಪಿನ್ನು ಎಳೆದು ಬಿಸಾಡಿದರು. ಕಬ್ಬಿನ ಟ್ರೇಲರು ಮನೆ ಮುಂದೆ ಹಾಗೇ ನಿಂತಿತು.

"ಬ್ಯಾಗ್ ತಕ್ಕೊಂಡ್ ಅತ್ತು. ಮೂತಿ ತೊಳ್ಕೊಳಾದೆಲ್ಲ ಬ್ಯಾಡ."

ಮಡ್‌ಗಾರ್ಡಿನ ಮೇಲೆ ಕೂತು ಮದ್ದೂರಿನ ತನಕ ಹೋದೆ. ಅವ್ವನ ಶಾಲು ಕಿವಿಗೆ ಸುತ್ತಿಕೊಂಡಿದ್ದೆ. ಗಾಳಿ ಮುಖಕ್ಕೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹೆಡ್‌ಲೈಟಿನ ಮುಂದೆ ಮಂಜು ಹರಿದು ಹರಿದು ಹಿಂದಕ್ಕೆ ಹೋಗುತ್ತಿತ್ತು. ಖಾಲಿ ಟ್ರ್ಯಾಕ್ಟರು ಅಷ್ಟು ಜೋರಾಗಿ ಓಡುತ್ತದೆಂದು ನನಗೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹೊರಗೆ ನಿಲ್ಲಿಸಿದರು. ಇಂಜಿನ್ನು ಆಫ್ ಮಾಡಲಿಲ್ಲ. ಅಷ್ಟು ಬೇಗ ಯಾವುದನ್ನೂ ನಂಬುವ ಮನುಷ್ಯ ಅಲ್ಲ ಅವರು. ಮಂಡ್ಯದ ಬಸ್ಸು ಹೊರಡುತ್ತಿತ್ತು. ಓಡಿ ಹತ್ತಿದೆ.

ಲ್ಯಾಬಿನ ಬಾಗಿಲಿಗೆ ಹೋದಾಗ ಮೇಡಂ ಹಾಜರಿ ಕೂಗುತ್ತಿದ್ದರು. ನನ್ನ ನಂಬರು ಇನ್ನೂ ಬಂದಿರಲಿಲ್ಲ. ನನ್ನ ಮುಖದ ಮಸಿ, ಕೈಯ ಕೆಂಪು ಪುಡಿ ನೋಡಿದರು.

"ಸ್ಟಾರ್ಟ್ ಆಯ್ತಾ?"

"ಆಯ್ತು ಮೇಡಂ. ತುದಿ ಉಜ್ಜಿರಲಿಲ್ಲ."

ಅವರಿಗೆ ಅರ್ಥವಾಯಿತೋ ಇಲ್ಲವೋ. ಟಿಕ್ ಹಾಕಿದರು. ನನಗೆ ಬೇಕಾಗಿದ್ದದ್ದು ಅಷ್ಟೇ.

ಆ ಚಳಿಗಾಲದಲ್ಲಿ ಮತ್ತೆ ಬೆಂಕಿ ಹಿಡಿಯಲಿಲ್ಲ. ದೊಡ್ಡಪ್ಪ ಒಬ್ಬರೇ ಎದ್ದು, ಒಬ್ಬರೇ ಸ್ಟಾರ್ಟ್ ಮಾಡಿಕೊಂಡು ಹೋಗುತ್ತಿದ್ದರು. ಆಲೆಮನೆಯಲ್ಲಿ ಕೇಳಿದವರಿಗೆ, "ಅರ್ತಿಂಗ್ ಪಾಯಿಂಟ್ ಲೂಸಾಗಿತ್ತು, ಕಂಡುಡ್ದು ಸರಿ ಮಾಡ್ದೋ" ಎಂದು ಹೇಳುತ್ತಿದ್ದರಂತೆ. ಯಾರು ಕಂಡುಹಿಡಿದದ್ದು ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಾಲ್ ಟಿಕೆಟ್ ಬಂತು. ಬಾಕಿ ಪೇಪರೂ ಸೇರಿಸಿ ಬರೆದೆ. ದೊಡ್ಡ ಅಂಕಗಳೇನಲ್ಲ. ಪಾಸು. ನಮ್ಮ ಮನೆಯಲ್ಲಿ ಡಿಗ್ರಿ ಪಾಸು ಎಂದು ಬರೆಸಿಕೊಂಡ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆ ವರ್ಷದ ಆಯುಧಪೂಜೆಗೂ ದೊಡ್ಡಪ್ಪ ಬಣ್ಣ ಹೊಡೆದರು. ಅದೇ ಕೆಂಪು, ಅದೇ ಶ್ರದ್ಧೆ. ನಾನು ಹತ್ತಿರ ಹೋಗಿ ಸೀಟಿನ ಕೆಳಗೆ ಬಗ್ಗಿ ನೋಡಿದೆ. ಆ ಬೋಲ್ಟಿನ ಸುತ್ತ ಗುಂಡಗೆ ಅಗಲ ಬಿಟ್ಟು ಬಣ್ಣ ನಿಲ್ಲಿಸಿದ್ದರು. ಕಬ್ಬಿಣ ಬರಿಮೈಯಲ್ಲಿತ್ತು. ಕುಂಕುಮವನ್ನು ಅದರಿಂದ ಒಂದು ಗೇಣು ದೂರ ಇಟ್ಟಿದ್ದರು.

ಡಿಗ್ರಿ ಸರ್ಟಿಫಿಕೇಟು ಕಾಲೇಜಿಗೆ ಬರಲು ಇನ್ನೂ ತಿಂಗಳುಗಳು ಹಿಡಿದವು. ಬಂದಿದೆ ಎಂದು ಫೋನು ಬಂದ ದಿನ, "ನಾನೂ ಬತ್ತೀನಿ, ಮಂಡ್ಯದಲ್ ಕೆಲ್ಸ ಐತೆ" ಎಂದು ದೊಡ್ಡಪ್ಪ ಬಿಳಿ ಅಂಗಿ ಹಾಕಿಕೊಂಡರು. ಮಂಡ್ಯದಲ್ಲಿ ಅವರಿಗೆ ಏನೂ ಕೆಲಸವಿರಲಿಲ್ಲ. ಕಾಲೇಜಿನ ಗೇಟಿನ ಹತ್ತಿರ ಚಪ್ಪಲಿ ಬಿಡಬೇಕೇ ಎಂದು ಕೇಳಿದರು. ಬೇಡ ಎಂದೆ.

ಹಾರವಿಲ್ಲ, ಭಾಷಣವಿಲ್ಲ. ಆಫೀಸಿನ ಕಿಟಕಿಯಲ್ಲಿ ಸಹಿ ಹಾಕಿಸಿಕೊಂಡು ಒಂದು ಕವರು ಕೊಟ್ಟರು. ನಾನು ಅಲ್ಲೇ ಅದನ್ನು ತೆಗೆದು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಕೈಯನ್ನು ಎರಡು ಸಲ ಪಂಚೆಗೆ ಒರೆಸಿಕೊಂಡು ತೆಗೆದುಕೊಂಡರು. ಅಕ್ಷರ ಕೂಡಿಸಿ ನನ್ನ ಹೆಸರು ಓದಿದರು. ಅದರ ಮುಂದೆ ತಮ್ಮನ ಹೆಸರು ಓದಿದರು, ಅದನ್ನು ಇನ್ನೊಂದು ಸಲ ಓದಿದರು. ಅಂಚನ್ನು ಹೆಬ್ಬೆರಳಿನಿಂದ ಸವರಿದರು. ನಮ್ಮ ಮನೆಯಲ್ಲಿ ಏನೇ ಹೊಸದು ಬಂದರೂ, ಬಟ್ಟೆಯಾಗಲಿ, ಕಾಗದ ಪತ್ರವಾಗಲಿ, ಅವ್ವ ಮೊದಲು ಅದರ ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಡುತ್ತಾಳೆ. ಅದು ಅವರಿಗೂ ನೆನಪಾಯಿತೆಂದು ಕಾಣುತ್ತದೆ. ಕಾಗದವನ್ನು ನನಗೆ ವಾಪಸು ಕೊಡುತ್ತಾ ಹೇಳಿದರು:

"ಇದ್ಕೆ ಅರಿಸ್ನ ಕುಂಕುಮ ಅಚ್ಚೋದ್ ಬ್ಯಾಡ ಅಂತ ನಿಮ್ಮವ್ವಂಗ್ ಏಳ್ಬುಡು ಕಣಮ್ಮಿ. ಬರಿಮೈಲೇ ಇರ್ಲಿ."